ಬೀಜದಿಂದಲೇ ಬೆಳೆಸಿದ ನೀಲಿ ಕೊಲಂಬೈನ್

ಅಮೆರಿಕದ ರಾಕಿ ಪರ್ವತಗಳ ಹುಲ್ಲುಗಾವಲು, ಆಸ್ಪೆನ್ ಮರಗಳ ನಡುವಿನ ತೆರಪು ಜಾಗಗಳೇ ನೀಲಿ ಕೊಲಂಬೈನ್ ಎಂಬ ಹೂಗಿಡದ ತವರು. 1899ರಿಂದ ಇದು ಕೊಲೊರಾಡೋದ ರಾಜ್ಯಪುಷ್ಪ. ಬೇಸಿಗೆಯಲ್ಲಿ ಬೆಟ್ಟ ಹತ್ತಿದವರಿಗೆ ಒಂದು ಗಿಡ ಕಿತ್ತು ತರುವ ಆಸೆ ಹುಟ್ಟುತ್ತದೆ. ದಯವಿಟ್ಟು ಬೇಡ. ಸರ್ಕಾರಿ ಜಾಗದಲ್ಲಿ ಇದನ್ನು ಬೇರುಸಮೇತ ಕೀಳುವುದು 1925ರ ಕಾನೂನಿನಂತೆ ಅಪರಾಧ. ಅಲ್ಲದೆ ತಾಯಿಬೇರು ನೆಟ್ಟಗೆ ಆಳಕ್ಕಿಳಿದಿರುತ್ತದೆ. ಅದು ತುಂಡಾದರೆ ಗಿಡ ಚೇತರಿಸಿಕೊಳ್ಳುವುದು ಕಷ್ಟ. ಡೆನ್ವರ್‌ನ ನಮ್ಮ ಹಿತ್ತಲಿನಲ್ಲಿರುವುದೆಲ್ಲ ಬೀಜದಿಂದ ಬಂದ ಗಿಡಗಳೇ.

ಬೀಜ ಕಾಮಕಸ್ತೂರಿ ಬೀಜದಷ್ಟೇ ಸಣ್ಣದು, ಕಪ್ಪಗೆ ಮಿರಮಿರ ಮಿಂಚುತ್ತದೆ. ಚಳಿ ತಾಗದೆ ಅದು ಸರಿಯಾಗಿ ಮೊಳೆಯುವುದಿಲ್ಲ. ಒದ್ದೆ ಮರಳಿನಲ್ಲಿ ಕಲಸಿ ಫ್ರಿಜ್‌ನ ತರಕಾರಿ ಡಬ್ಬದಲ್ಲಿ ಒಂದು ತಿಂಗಳಿಗೂ ಹೆಚ್ಚು ಇಡಬಹುದು. ನನಗೆ ಇಷ್ಟವಾದದ್ದು ಇನ್ನೊಂದು ದಾರಿ: ಡಿಸೆಂಬರ್‌ನಲ್ಲಿ ಕುಂಡಕ್ಕೆ ಬಿತ್ತಿ ಹೊರಗೆ ಹಿಮದಡಿ ಬಿಟ್ಟುಬಿಡುವುದು. ಮೊಳೆಯಲು ಬೆಳಕೂ ಬೇಕು, ಹಾಗಾಗಿ ಮೇಲೆ ಮಣ್ಣು ಮುಚ್ಚಬಾರದು; ಬೆರಳಿನಿಂದ ಮೆಲ್ಲಗೆ ಒತ್ತಿದರೆ ಸಾಕು. ನೀರನ್ನು ಮೇಲಿಂದ ಸುರಿದರೆ ಬೀಜ ಕೊಚ್ಚಿಹೋಗುತ್ತದೆ. ಹಿಮ ಕರಗಿದ ಮೇಲೆ ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು ಕೆಳಗಿನಿಂದ ಹೀರಿಸುತ್ತೇನೆ.

ಸಸಿ ಚಿಕ್ಕದಿರುವಾಗಲೇ, ಬೇರು ಉದ್ದವಾಗುವ ಮೊದಲು, ಪಾತಿಗೆ ಇಳಿಸಬೇಕು. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಇರುವ ಜಾಗ ಒಳ್ಳೆಯದು. ನಮ್ಮ ಜೇಡಿಮಣ್ಣಿಗೆ ಸಣ್ಣ ಜಲ್ಲಿ, ಎಲೆಗೊಬ್ಬರ ಸೇರಿಸಿದ್ದೇನೆ. ನೀರು ನಿಂತರೆ ಬೇರು ಕೊಳೆಯುತ್ತದೆ. ಎಲೆಯೊಳಗೆ ಹುಳು ಬಿಳಿ ಗೆರೆ ಕೊರೆದಿದ್ದರೆ ಆ ಎಲೆಯನ್ನಷ್ಟೇ ಚಿವುಟಿ ಎಸೆಯುತ್ತೇನೆ, ಔಷಧಿ ಹೊಡೆಯುವುದಿಲ್ಲ.

ಮೊದಲ ವರ್ಷ ಬರೀ ಎಲೆ. ಎರಡನೇ ವರ್ಷ ಹೂ ಬಂತು! ಹೊರಗೆ ಐದು ನೀಲಿ ಎಸಳು, ಒಳಗೆ ಐದು ಬಿಳಿ. ಒಂದೊಂದು ಬಿಳಿ ದಳದ ಬುಡದಿಂದಲೂ ತೆಳ್ಳನೆಯ ಉದ್ದ ಕೊಳವೆ ಹಿಂದಕ್ಕೆ ಚಾಚಿರುತ್ತದೆ. ಮಕರಂದವಿರುವುದು ಅದರ ತುದಿಯಲ್ಲಿ. ಅಷ್ಟು ಆಳಕ್ಕೆ ನಾಲಿಗೆ ಎಟುಕುವುದು ಹಾಕ್‌ಮಾತ್ ಪತಂಗಗಳಿಗೆ. ಮುಸ್ಸಂಜೆ ಅವು ಗಾಳಿಯಲ್ಲೇ ನಿಂತು ಹೀರುವುದನ್ನು ನೋಡಲೆಂದೇ ನಾನು ಹಿತ್ತಲಲ್ಲಿ ಕೂರುತ್ತೇನೆ.

ಗಿಡದ ಆಯುಸ್ಸು ಕೆಲವೇ ವರ್ಷ, ಆದ್ದರಿಂದ ಬೀಜ ಹಿಡಿದಿಡಲೇಬೇಕು. ಕಾಯಿ ಒಣಗಿ ತುದಿ ಬಾಯಿಬಿಟ್ಟಾಗ ದಂಟನ್ನು ಕಾಗದದ ಚೀಲದೊಳಗೆ ಬಗ್ಗಿಸಿ ಅಲ್ಲಾಡಿಸಿ. ಪಕ್ಕದಲ್ಲಿ ಬೇರೆ ಜಾತಿಯ ಕೊಲಂಬೈನ್ ಇದ್ದರೆ ಸುಲಭವಾಗಿ ಬೆರಕೆಯಾಗುತ್ತದೆ, ಮುಂದಿನ ಪೀಳಿಗೆಗೆ ಈ ನೀಲಿಯೇ ಬರುತ್ತದೆಂಬ ಖಾತ್ರಿ ಇರುವುದಿಲ್ಲ. ನಾನು ಇದೊಂದನ್ನೇ ಇಟ್ಟುಕೊಂಡಿದ್ದೇನೆ. ಬೆಂಗಳೂರಿನ ನೆಂಟರೂ ಬೀಜ ಕೇಳುತ್ತಾರೆ. ಅಲ್ಲಿ ಈ ಗಿಡ ಚಳಿಗಾಲದ ನಿದ್ದೆಗೆ ಜಾರುವಷ್ಟು ಚಳಿಯಿಲ್ಲ, ಕಳಿಸುವುದಿಲ್ಲ. ಡೆನ್ವರ್ ಸುತ್ತಮುತ್ತಲಿನ ಕನ್ನಡದವರಿಗೆ ಮಾತ್ರ ಶರತ್ಕಾಲದಲ್ಲಿ ಖಂಡಿತ ಕೊಡುತ್ತೇನೆ.