ಅಂಗಳದಲ್ಲಿ ಸುಣ್ಣದ ಗೆರೆ: ವಾಚನಾಲಯದ ಹೊಸ ಕಟ್ಟಡದ ತಕರಾರನ್ನು ಊರವರೇ ಬಗೆಹರಿಸುವ ಕ್ರಮ

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಹಳ್ಳಿಗಳಲ್ಲಿ ವಾಚನಾಲಯವೆಂದರೆ ಹೆಚ್ಚಾಗಿ ಮುರಕಲ್ಲಿನ ಗೋಡೆಯ, ಹೆಂಚು ಹೊದೆಸಿದ ಒಂದೆರಡು ಕೋಣೆ, ಪತ್ರಿಕೆ ಓದುವ ಒಂದು ಜಗಲಿ ಮತ್ತು ಪಕ್ಕದಲ್ಲಿ ಹುಡುಗರು ವಾಲಿಬಾಲ್ ಆಡುವ ಅಂಗಳ. ಓಣಂ ದಿನದ ಆಟೋಟ ನಡೆಯುವುದು ಈ ಅಂಗಳದಲ್ಲಿ, ಮಳೆಗಾಲದ ತಾಳಮದ್ದಳೆ ಈ ಜಗಲಿಯಲ್ಲಿ. ಅಂಥ ಜಾಗಕ್ಕೆ ಎರಡು ಮಹಡಿಯ ಕಟ್ಟಡ ಮಂಜೂರಾಯಿತೆಂಬ ಸುದ್ದಿ ಬಂದರೆ ವಾರದೊಳಗೆ ಊರು ಎರಡಾಗುತ್ತದೆ. ನಮ್ಮೂರಿನ ವಾಚನಾಲಯದ ಕಾರ್ಯದರ್ಶಿಯಾಗಿ ಅಂಥದೊಂದು ತಕರಾರಿನ ನಡುವೆ ಸಿಕ್ಕಿಕೊಂಡಿದ್ದ ನನಗೆ ತಡವಾಗಿ ಅರ್ಥವಾದದ್ದು ಇಷ್ಟು: ಕಟ್ಟಡ ಬೇಡವೆಂದು ಕೂಗಿದವರಲ್ಲಿ ಹೆಚ್ಚಿನವರು ಜಾಗ ಯಾರ ಹೆಸರಿನಲ್ಲಿದೆ, ಅಂಗಳ ಎಷ್ಟು ಉಳಿಯುತ್ತದೆ, ಕೆಡವಿದ ದಿನದಿಂದ ಕಟ್ಟಿ ಮುಗಿಯುವ ತನಕ ಪುಸ್ತಕಗಳು ಎಲ್ಲಿರುತ್ತವೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದೆ ಸಿಟ್ಟಾಗಿದ್ದರು. ಈ ಮೂರಕ್ಕೂ ಕಾಗದದ ಮೇಲೆ ಉತ್ತರ ಸಿಗುವ ಮುನ್ನ ಸಭೆ ಕರೆಯಬಾರದು.

ಮೊದಲ ಕೆಲಸ ದಾಖಲೆಯದ್ದು. ವಿಲ್ಲೇಜ್ ಆಫೀಸಿನಲ್ಲಿ ಸರ್ವೆ ನಂಬ್ರ ಮತ್ತು ತೀರ್ವೆ, ಅಂದರೆ ಭೂಕಂದಾಯ, ಯಾರ ಹೆಸರಿನಲ್ಲಿ ಕಟ್ಟಲ್ಪಡುತ್ತಿದೆ ಎಂಬುದನ್ನು, ಪಂಚಾಯತಿನಲ್ಲಿ ಆಸ್ತಿ ರಿಜಿಸ್ಟರನ್ನು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂಲ ದಸ್ತಾವೇಜಿನ ನಕಲನ್ನು ನೋಡಬೇಕು. 1956ರ ನವೆಂಬರ್ 1ರ ತನಕ ಈ ಪ್ರದೇಶ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದುದರಿಂದ ಹಳೆಯ ದಸ್ತಾವೇಜುಗಳು ಕನ್ನಡದಲ್ಲಿ, ಅದೂ ಒಂದೇ ಉಸಿರಿನಲ್ಲಿ ಬರೆದಂಥ ಕೂಡಕ್ಷರಗಳಲ್ಲಿ ಇರುವುದುಂಟು. ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದ ಗುಮಾಸ್ತರಿಗೆ ಅದನ್ನು ಓದಲು ಬಾರದಿದ್ದರೆ ಅವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ, ಹಳೆಯ ಬರಹ ಓದಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯಬೇಕು. ಜಾಗವನ್ನು ದಾನ ಕೊಟ್ಟವರು ‘ವಾಚನಾಲಯದ ಉಪಯೋಗಕ್ಕೆ ಮಾತ್ರ’ ಎಂಬಂಥ ಶರ್ತ ಹಾಕಿದ್ದಾರೆಯೇ ಎಂಬುದನ್ನು ಸಾಲು ಸಾಲಾಗಿ ಓದಿ ನೋಡಬೇಕು. ಏಕೆಂದರೆ ಹೊಸ ಯೋಜನೆಗಳಲ್ಲಿ ನೆಲಮಾಳಿಗೆಗೋ ಕೆಳಮಹಡಿಗೋ ಬಾಡಿಗೆ ಅಂಗಡಿಗಳು ಸೇರಿಕೊಳ್ಳುವುದು ಮಾಮೂಲು, ಮತ್ತು ಶರ್ತವಿರುವ ಜಾಗದಲ್ಲಿ ಅಂಗಡಿ ಕಟ್ಟಬಹುದೇ ಎಂಬುದನ್ನು ಹೇಳಬೇಕಾದವರು ವಕೀಲರೇ ಹೊರತು ಗುತ್ತಿಗೆದಾರರಲ್ಲ.

ಮಂಜೂರಾತಿ ಆದೇಶ, ನಕ್ಷೆ, ಎಸ್ಟಿಮೇಟು, ಹಣ ಯಾವ ನಿಧಿಯಿಂದ ಬರುತ್ತದೆ ಎಂಬ ವಿವರ, ಇವು ಕೇಳಿದೊಡನೆ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ 10 ರೂಪಾಯಿ ಶುಲ್ಕದ ಅರ್ಜಿ ಹಾಕಿದರೆ 30 ದಿನಗಳೊಳಗೆ ಉತ್ತರ ಕೊಡಬೇಕಾಗುತ್ತದೆ. ನಾವು ಮೊದಲ ಸಲ ‘ಕಟ್ಟಡದ ಸಂಪೂರ್ಣ ಮಾಹಿತಿ’ ಎಂದು ಕೇಳಿ ಎರಡು ಸಾಲಿನ ಉತ್ತರ ಪಡೆದೆವು. ದಾಖಲೆಯ ಹೆಸರು ಹೇಳಿ ಒಂದೊಂದರ ನಕಲು ಕೇಳಬೇಕೆಂಬುದು ಆಮೇಲೆ ತಿಳಿಯಿತು. ಪಂಚಾಯತಿಗೂ ಇತರ ಕಚೇರಿಗಳಿಗೂ ಬರೆಯುವ ಮನವಿಗಳನ್ನು ಕನ್ನಡದಲ್ಲೇ ಬರೆಯಬಹುದು. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದಲ್ಲಿ ಸರಕಾರದ ಸ್ಥಳೀಯ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ ಮತ್ತು ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶವನ್ನು 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕೊಟ್ಟಿದೆ.

ನಕ್ಷೆ ಕೈಗೆ ಬಂದ ಮೇಲೆ ಅದನ್ನು ಗೋಡೆಗೆ ಅಂಟಿಸಿ ಸುಮ್ಮನಾಗಬಾರದು, ನೆಲದ ಮೇಲೆ ಬರೆಯಬೇಕು. ಒಂದು ಭಾನುವಾರ ಬೆಳಿಗ್ಗೆ ಅಳತೆ ಟೇಪು, ನಾಲ್ಕು ಗೂಟ, ತೆಂಗಿನ ನಾರಿನ ಹಗ್ಗ ಮತ್ತು ಒಂದು ಬುಟ್ಟಿ ಸುಣ್ಣದ ಪುಡಿ ಸಾಕು. ವಾಲಿಬಾಲ್ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಸುತ್ತ 3 ಮೀಟರ್ ಬಿಟ್ಟರೆ 24 ಮೀಟರ್‌ಗೆ 15 ಮೀಟರ್, ಅಂದರೆ ಸುಮಾರು 9 ಸೆಂಟ್ಸ್ ಜಾಗ (ಒಂದು ಸೆಂಟ್ಸ್ ಎಂದರೆ ಎಕರೆಯ ನೂರನೇ ಒಂದು ಪಾಲು). ಪುರುಷರ ಕಬಡ್ಡಿ ಅಂಕಣಕ್ಕೆ 13 ಮೀಟರ್‌ಗೆ 10 ಮೀಟರ್ ಬೇಕು. 20 ಸೆಂಟ್ಸ್ ಜಾಗದಲ್ಲಿ ಹೊಸ ಕಟ್ಟಡದ ತಳಪಾಯ, ಮೆಟ್ಟಿಲು, ಶೌಚಾಲಯದ ಗುಂಡಿ, ವಾಹನ ನಿಲ್ಲಿಸುವ ಎಡೆ, ಗಡಿಯಿಂದ ಬಿಡಬೇಕಾದ ಅಂತರ, ಎಲ್ಲವನ್ನೂ ಸುಣ್ಣದಲ್ಲಿ ಗುರುತಿಸಿದರೆ ‘ಅಂಗಳಕ್ಕೆ ಏನೂ ಆಗುವುದಿಲ್ಲ’ ಎಂದವರೂ ‘ಅಂಗಳ ಪೂರ್ತಿ ಹೋಗುತ್ತದೆ’ ಎಂದವರೂ ಒಂದೇ ಗೆರೆಯ ಮೇಲೆ ನಿಂತು ನೋಡಬೇಕಾಗುತ್ತದೆ. ನಮ್ಮಲ್ಲಿ ಮೆಟ್ಟಿಲಿನ ಮೂಲೆ ವಾಲಿಬಾಲ್ ನೆಟ್ಟಿನ ಕಂಬದಿಂದ ಎರಡು ಹೆಜ್ಜೆ ಒಳಗೆ ಬಂದಿತ್ತು. ಆ ಮೆಟ್ಟಿಲನ್ನು ಕಟ್ಟಡದ ಇನ್ನೊಂದು ಬದಿಗೆ ತಿರುಗಿಸಿದರೆ ಆಯಿತಲ್ಲ ಎಂದು ಮೊದಲು ಹೇಳಿದವರು ಸಾರಣೆ ಕೆಲಸದ ಮೇಸ್ತ್ರಿಯೊಬ್ಬರು. ಅದುವರೆಗೆ ಅವರನ್ನು ಯಾವ ಸಭೆಗೂ ಯಾರೂ ಕರೆದಿರಲಿಲ್ಲ.

ಇಷ್ಟಾದ ಮೇಲೆ ಗ್ರಾಮಸಭೆ. 1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯಂತೆ ವಾರ್ಡಿನ ಮತದಾರರೆಲ್ಲರೂ ಅದರ ಸದಸ್ಯರು, ವಾರ್ಡು ಸದಸ್ಯರು ಅದರ ಸಂಚಾಲಕರು, ಮೂರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ನೂರಕ್ಕೆ 10ರಷ್ಟು ಮತದಾರರು ವಿಷಯವನ್ನು ಬರೆದು ಸಹಿ ಹಾಕಿ ಕೇಳಿಕೊಂಡರೆ ವಿಶೇಷ ಸಭೆಯನ್ನೂ ಕರೆಯಬೇಕಾಗುತ್ತದೆ. ನೋಟೀಸು ಮಲೆಯಾಳದ ಜೊತೆಗೆ ಕನ್ನಡದಲ್ಲೂ ಬರಲಿ ಎಂದು ಮೊದಲೇ ಕೇಳಿಕೊಳ್ಳಬೇಕು. ಸಭೆಯಲ್ಲಿ ಮಾತು ತುಳುವಿನಲ್ಲಿ ಸಾಗಿ ನಿರ್ಣಯ ಮಲೆಯಾಳದಲ್ಲಿ ದಾಖಲಾದಾಗ ಸಹಿ ಹಾಕಿದವರಿಗೇ ತಾವು ಯಾವುದಕ್ಕೆ ಒಪ್ಪಿದೆವೆಂದು ಗೊತ್ತಿರುವುದಿಲ್ಲ. ವಾಚನಾಲಯಕ್ಕೆ ಕಾಲಿಡದವರಿಗೆ ಇಲ್ಲೇನು ಕೆಲಸ ಎಂಬ ಮಾತು ಬಂದೇ ಬರುತ್ತದೆ. ಕೇರಳದಲ್ಲಿ ಕಟ್ಟಡ ತೆರಿಗೆಯ ಜೊತೆಗೆ ನೂರಕ್ಕೆ 5ರಂತೆ ಗ್ರಂಥಾಲಯ ಸೆಸ್ ಕಟ್ಟುವುದರಿಂದ ತೆರಿಗೆ ಕಟ್ಟುವ ಪ್ರತಿ ಮನೆಯವರಿಗೂ ಕೇಳುವ ಹಕ್ಕಿದೆ ಎಂದು ಶಾಂತವಾಗಿ ಹೇಳಿದರೆ ಸಾಕು. ವಾಚನಾಲಯವು ರಾಜ್ಯ ಲೈಬ್ರರಿ ಕೌನ್ಸಿಲಿನ ಅಂಗೀಕಾರ ಪಡೆದದ್ದಾದರೆ ತಾಲೂಕು ಲೈಬ್ರರಿ ಕೌನ್ಸಿಲಿಗೂ ಒಂದು ಪತ್ರ ಹೋಗಬೇಕು.

ಎಲ್ಲರೂ ಮರೆಯುವ ಕೆಲಸ ನಡುವಿನ ಕಾಲದ್ದು. ಜೂನ್‌ನಿಂದ ಮಳೆ ಹಿಡಿಯುವ ನಮ್ಮ ಕಡೆ ಮೇ ತಿಂಗಳಲ್ಲಿ ಮಾಡು ಬಿಚ್ಚಿ ಪುಸ್ತಕಗಳನ್ನು ಗೋಣಿಯಲ್ಲಿ ಕಟ್ಟಿ ಯಾರದೋ ಅಡಿಕೆ ದಾಸ್ತಾನಿನ ಕೋಣೆಯಲ್ಲಿಟ್ಟರೆ ಓಣಂ ಹೊತ್ತಿಗೆ ಬೂಷ್ಟು, ಅದರ ಹಿಂದಿನಿಂದ ಗೆದ್ದಲು. ನಮ್ಮ ಆರು ಗೋಣಿಗಳಲ್ಲಿ ಎರಡು ಹಾಗೆ ಹೋದವು, ಮತ್ತು ಹೋದ ಪುಸ್ತಕಗಳಲ್ಲಿ ಹೆಚ್ಚಿನವು ಮತ್ತೆ ಅಚ್ಚಾಗದ ಕನ್ನಡ ಪುಸ್ತಕಗಳು. ಆದ್ದರಿಂದ ದಾಸ್ತಾನು ಪುಸ್ತಕದ ಕ್ರಮಸಂಖ್ಯೆಯಂತೆ ಪ್ರತಿಯೊಂದನ್ನೂ ಪರಿಶೀಲಿಸಿ, ಭಾಷೆವಾರು ಪಟ್ಟಿ ಮಾಡಿ, ಗೋಡೆಯಿಂದ ಒಂದು ಅಡಿ ದೂರ ನಿಲ್ಲಿಸಿದ ಕಪಾಟಿನಲ್ಲೇ ಇಡಬೇಕು. ದಿನಪತ್ರಿಕೆ ಹಾಕಿಸುವುದನ್ನು ಒಂದು ದಿನವೂ ನಿಲ್ಲಿಸಬಾರದು, ಅಂಗನವಾಡಿಯ ಜಗಲಿಯಾದರೂ ಆದೀತು. ಪತ್ರಿಕೆ ನಿಂತರೆ ಬರುವವರ ಅಭ್ಯಾಸ ತಪ್ಪುತ್ತದೆ.

ಕೊನೆಗೆ ಬರೆಯಬೇಕಾದ ಒಪ್ಪಂದ ಎರಡು ಪುಟ ಮೀರಬೇಕಾಗಿಲ್ಲ. ಕೆಡವುವ ಮತ್ತು ಬಿಟ್ಟುಕೊಡುವ ತಾರೀಕು, ಅಂಗಳದ ಅಳತೆ, ಸಭಾಂಗಣವನ್ನು ಕುಟುಂಬಶ್ರೀ ಮಹಿಳಾ ಗುಂಪು, ಕ್ಲಬ್ಬು, ತಾಳಮದ್ದಳೆ ಸಂಘಗಳು ಯಾವ ವಾರ, ಎಷ್ಟು ಗಂಟೆ ಬಳಸುತ್ತವೆ, ಅಂಗಡಿ ಬಾಡಿಗೆ ಬಂದರೆ ಅದು ಯಾರ ಖಾತೆಗೆ, ಬೀಗದ ಕೈ ಯಾರ ಬಳಿ, ಇವಿಷ್ಟನ್ನು ಕನ್ನಡ, ಮಲೆಯಾಳ ಎರಡರಲ್ಲೂ ಬರೆದು ಪಂಚಾಯತು, ವಾಚನಾಲಯ ಸಮಿತಿ, ಕ್ಲಬ್ಬಿಗೆ ಒಂದೊಂದು ಪ್ರತಿ ಕೊಡಬೇಕು. ಸುಣ್ಣದ ಗೆರೆ ಎಳೆದ ದಿನದ ಫೋಟೋವನ್ನು ಪ್ರತಿಯೊಂದಕ್ಕೂ ಲಗತ್ತಿಸಿ, ಅದರ ಹಿಂದೆಯೂ ಸಹಿ ಹಾಕಿಸಿಕೊಳ್ಳಬೇಕು.