ಅಷ್ಟಮಿಗೆ ವೇಷ ಹಾಕಿ ಚಿಕಿತ್ಸೆಗೆ ಹಣ ಕೂಡಿಸುವುದು ಹೇಗೆ?

ಉಡುಪಿ ಸೀಮೆಯಲ್ಲಿ ಕೃಷ್ಣಾಷ್ಟಮಿ, ಮರುದಿನದ ವಿಟ್ಲಪಿಂಡಿ (ಮೊಸರುಕುಡಿಕೆ) ಬಂತೆಂದರೆ ವೇಷಗಳ ಕಾಲ. ಹುಲಿಗಳ ಜೊತೆಗೆ ಕೋಡು, ಬಾಲ, ಜೋಲುಮೂಗಿನ ವಿಕಾರ ರೂಪಗಳೂ ಪೇಟೆ ಸುತ್ತುತ್ತವೆ. ಕಟ್ಟಡ ಕೆಲಸದ ಕೂಲಿಕಾರ ರವಿ ಕಟಪಾಡಿ ಇಂಥ ವೇಷ ಹಾಕಿಯೇ ಕಾಯಿಲೆ ಮಕ್ಕಳ ಚಿಕಿತ್ಸೆಗೆ ವರ್ಷ ವರ್ಷವೂ ಹಣ ಕೂಡಿಸಿ ಹೆಸರಾದವರು. ಅವರನ್ನು ನೋಡಿ ಇಳಿಯುವ ಹುಡುಗರು ಬಹಳ. ಆದರೆ ವೇಷ ಕಟ್ಟಲು ತಿಂಗಳುಗಟ್ಟಲೆ ತಲೆಕೆಡಿಸಿಕೊಳ್ಳುವವರು, ಅದನ್ನು ಮುಖದಿಂದ ಬಿಡಿಸುವ ಬಗೆ ಯೋಚಿಸುವುದು ರಾತ್ರಿ ಹನ್ನೊಂದಕ್ಕೆ!

ಮೊದಲು ದಿನಾಂಕ ನೋಡಿಕೊಳ್ಳಿ. ಉಡುಪಿ ಮಠದ್ದು ಸೌರಮಾನ, ಅಂದರೆ ಸೂರ್ಯನ ಚಲನೆ ನೋಡಿ ತಿಂಗಳು ಎಣಿಸುವ ಪಂಚಾಂಗ; 2025ರಲ್ಲಿ ಬೇರೆಡೆ ಆಗಸ್ಟ್‌ನಲ್ಲೇ ಅಷ್ಟಮಿ ಮುಗಿದಿದ್ದರೆ ಇಲ್ಲಿ ಆಚರಿಸಿದ್ದು ಸೆಪ್ಟೆಂಬರ್ ಮಧ್ಯದಲ್ಲಿ.

ಆಮೇಲೆ, ಯಾರಿಗಾಗಿ ಎಂಬುದು. ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಚಿಕಿತ್ಸೆಯ ಅಂದಾಜು ಪಟ್ಟಿ ತೆಗೆದುಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಸಿಗುತ್ತದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರ) ಶೇ 30 ಮಾತ್ರ. ಯೋಜನೆ ಭರಿಸುವುದು ಎಷ್ಟು, ಉಳಿಯುವುದು ಎಷ್ಟು ಎಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು (ಯೋಜನೆಯ ಸಹಾಯಕರು) ಕೇಳಿ, ಉಳಿದದ್ದನ್ನೇ ಗುರಿ ಮಾಡಿಕೊಳ್ಳಿ. ಮಗುವಿನ ಫೋಟೊ ಹಾಕಲು ಅಪ್ಪ–ಅಮ್ಮನ ಒಪ್ಪಿಗೆ ಬರಹದಲ್ಲಿರಲಿ. ಮನೆ ವಿಳಾಸ, ವಾರ್ಡ್ ನಂಬರ್ ಬ್ಯಾನರ್‌ಗೆ ಬೇಡ.

ಮೈಯ ಭಾಗ ಸುಲಭ: ಇವಿಎ ಫೋಮ್ ಶೀಟ್ (ಚಪ್ಪಲಿಗೆ ಬಳಸುವಂಥ ಹಗುರ, ಮೆತ್ತನೆಯ ಹಾಳೆ) ಕತ್ತರಿಸಿ, ಹಳೆಯ ಟ್ರ್ಯಾಕ್ ಪ್ಯಾಂಟಿಗೂ ಅಂಗಿಗೂ ಅಂಟಿಸಿದರಾಯಿತು. ಒಂದೇ ಷರತ್ತು, ಮೇಲಂಗಿ ಬೇರೆ, ಕೆಳಗಿನದು ಬೇರೆ, ಮುಂದೆ ಜಿಪ್. ಇಡೀ ಮೈಗೆ ಒಂದೇ ಚೀಲ ಹೊಲಿಸಿಕೊಂಡವನು ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ಬೆಳಗಿನಿಂದ ನೀರೇ ಕುಡಿಯುವುದಿಲ್ಲ, ಮಧ್ಯಾಹ್ನ ತಲೆಸುತ್ತಿ ಕೂರುತ್ತಾನೆ.

ಎಲ್ಲರೂ ಎಡವುವುದು ಮುಖದಲ್ಲಿ. ಅಂಗಡಿಯಲ್ಲಿ ಸಿಗುವ ಇಡೀ ತಲೆಯ ರಬ್ಬರ್ ಮುಖವಾಡಕ್ಕೆ ದುಡ್ಡು ಹಾಕಬೇಡಿ. ಉಸಿರಿನ ಹಬೆ ಒಳಗೇ ನಿಂತು ಕಣ್ಣಿನ ತೂತು ಮಂಜಾಗುತ್ತದೆ, ಬಾಯಿ ಅಲ್ಲಾಡದ್ದರಿಂದ ಜನ ಒಮ್ಮೆ ನೋಡಿ ಮುಂದೆ ಹೋಗುತ್ತಾರೆ. ದ್ರವ ಲೇಟೆಕ್ಸ್‌ನಲ್ಲಿ (ಒಣಗಿದರೆ ರಬ್ಬರಿನಂತಾಗುವ ಹಾಲು) ಮಾಡಿದ ಬಿಡಿ ತುಂಡುಗಳೇ ಒಳ್ಳೆಯದು. ಅದೂ ಮೇಕಪ್‌ಗೆಂದೇ ಮಾರುವ, ಅಮೋನಿಯಾ ಕಡಿಮೆ ಇರುವ ಲೇಟೆಕ್ಸ್. ರಬ್ಬರ್ ತೋಟದವರು ಕ್ಯಾನ್‌ನಲ್ಲಿ ಕೊಡುವ ಹಾಲು ಅಗ್ಗವೇನೋ ಹೌದು, ಆದರೆ ಕೆಡದಿರಲೆಂದು ಅದಕ್ಕೆ ಅಮೋನಿಯಾ ಬೆರೆಸಿರುತ್ತಾರೆ. ಕಣ್ಣೂ ಚರ್ಮವೂ ಉರಿಯುತ್ತವೆ. ಹಿಂದಿನ ದಿನವೇ ಮೊಣಕೈ ಒಳಬದಿಗೆ ರೂಪಾಯಿ ನಾಣ್ಯದಷ್ಟಗಲ ಹಚ್ಚಿ 24 ಗಂಟೆ ನೋಡಿ. ಕೆಂಪಾದರೆ, ತುರಿಸಿದರೆ ಲೇಟೆಕ್ಸ್ ಪೂರ್ತಿ ಬಿಟ್ಟುಬಿಡಿ. ಬಲೂನ್ ಊದಿದರೆ ತುಟಿ ದಪ್ಪಗಾಗುವವರು ಪರೀಕ್ಷೆಗೂ ಹೋಗಬಾರದು.

ಮೂಗು, ಕೆನ್ನೆ, ಹಣೆಯ ಉಬ್ಬುಗಳನ್ನು ಜೇಡಿಮಣ್ಣಿನ ಅಚ್ಚಿನ ಮೇಲೆ ಮೊದಲೇ ಮಾಡಿಡಿ. ಒಂದು ಪದರ ಲೇಟೆಕ್ಸ್, ಅದರ ಮೇಲೆ ಟಿಶ್ಯೂ, ಮತ್ತೆ ಲೇಟೆಕ್ಸ್. ಟಿಶ್ಯೂವನ್ನು ಕತ್ತರಿಯಿಂದ ಕತ್ತರಿಸದೆ ಹರಿಯಿರಿ, ಆಗ ಅಂಚು ಚರ್ಮದ ಜೊತೆ ಬೆರೆಯುತ್ತದೆ. ಪ್ರತಿ ಪದರ ಪೂರ್ತಿ ಒಣಗಿದ ಮೇಲೆಯೇ ಮುಂದಿನದು. ದಪ್ಪಗೆ ಒಮ್ಮೆಗೇ ಬಳಿದರೆ ಮೇಲೆ ಒಣಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಒಣಗಿದೊಡನೆ ಪೌಡರ್ ಉದುರಿಸಿ, ಇಲ್ಲದಿದ್ದರೆ ಮಡಚಿದಲ್ಲೇ ಅಂಟಿಕೊಂಡು ತುಂಡು ಹಾಳು. ಬಣ್ಣವನ್ನೂ ಅಚ್ಚಿನ ಮೇಲಿರುವಾಗಲೇ ಹಚ್ಚಿ. ಅಕ್ರಿಲಿಕ್ ಬಣ್ಣಕ್ಕೆ ಸ್ವಲ್ಪ ಲೇಟೆಕ್ಸ್ ಬೆರೆಸಿದರೆ ನಕ್ಕಾಗ ಬಿರಿಯುವುದಿಲ್ಲ. ಬರಿಯ ಚರ್ಮಕ್ಕೆ ನೀರಿನಲ್ಲಿ ಕರಗುವ ಮುಖದ ಬಣ್ಣವೇ ಆಗಬೇಕು. ಎನಾಮೆಲ್ ಪೇಂಟ್ ಬಳಿದು ಆಮೇಲೆ ಸೀಮೆಎಣ್ಣೆಯಲ್ಲಿ ಉಜ್ಜುವ ಹಳೆಯ ಶೌರ್ಯ ಸಾಕು.

ತುಂಡುಗಳನ್ನು ಮುಖಕ್ಕೆ ಲೇಟೆಕ್ಸ್‌ನಿಂದಲೇ ಅಂಟಿಸುವ ಬೆಳಗ್ಗೆ ಗಡ್ಡ ನುಣ್ಣಗೆ ತೆಗೆದಿರಬೇಕು. ಹುಬ್ಬಿಗೆ ವ್ಯಾಸಲೀನ್ ಮೆತ್ತಿ, ಉಳಿದ ಮುಖದಲ್ಲಿ ಜಿಡ್ಡೇ ಇರಬಾರದು, ಎಣ್ಣೆ ತಗುಲಿದಲ್ಲಿ ಲೇಟೆಕ್ಸ್ ಹಿಡಿಯುವುದಿಲ್ಲ. ಗದ್ದದ ಕೆಳಗೆ ಒಂದು ಬೆರಳಗಲ ಅಂಟಿಸದೆ ಬಿಡಿ, ಬೆವರು ಇಳಿಯಲು ದಾರಿ ಬೇಕು. ಕಣ್ಣಿಗೆ ಬಣ್ಣದ ಲೆನ್ಸ್ ಬೇಡವೇ ಬೇಡ.

ಬಿಡಿಸಲು ತೆಂಗಿನೆಣ್ಣೆ. ಉಗುರುಬೆಚ್ಚಗೆ ಮಾಡಿ, ಅಂಚಿನಿಂದ ಹತ್ತಿಯಲ್ಲಿ ಒಳಗೆ ಇಳಿಸುತ್ತ ಹೋಗಿ. ಮುಕ್ಕಾಲು ಗಂಟೆ ಹಿಡಿದರೂ ಹಿಡಿಯಲಿ. ಎಳೆದವರ ಹುಬ್ಬು ತುಂಡಿನ ಜೊತೆಗೇ ಬರುತ್ತದೆ.

ಬೀದಿಯಲ್ಲಿ ವೇಷದವನಿಗೆ ಇಬ್ಬರು ಜೊತೆಗಾರರು: ಒಬ್ಬ ಕೈಹಿಡಿದು ದಾರಿ ತೋರಿಸಲು, ಸ್ಟ್ರಾದಲ್ಲಿ ನೀರು ಕುಡಿಸಲು, ಇನ್ನೊಬ್ಬ ಕಾಣಿಕೆ ಡಬ್ಬಿಗೆ. ವೇಷದವನು ದುಡ್ಡು ಮುಟ್ಟಲೇಬಾರದು. ಸಣ್ಣ ಮಕ್ಕಳ ಬಳಿಗೆ ನೀವಾಗಿ ಹೋಗಬೇಡಿ, ಅವರೇ ಬರಲಿ. ಮೆರವಣಿಗೆ, ಮೈಕು ಇದ್ದರೆ ಠಾಣೆಗೆ ಮುಂಚೆಯೇ ಅರ್ಜಿ ಕೊಡಿ.

ಡಬ್ಬಿ ಪಾರದರ್ಶಕವಾಗಿರಲಿ, ನಂಬರ್ ಹಾಕಿ, ಮುಚ್ಚಳದ ಮೇಲೆ ಮೂವರ ಸಹಿಯ ಚೀಟಿ ಅಂಟಿಸಿ. ಮಳೆಗಾಲ, ಸೀಳಿನ ಮೇಲೊಂದು ಪ್ಲಾಸ್ಟಿಕ್ ಮುಸುಕೂ ಬೇಕು. ಕ್ಯೂಆರ್ ಕೋಡನ್ನು ವೇಷದ ಹೊಟ್ಟೆಗೆ ಅಂಟಿಸುವವರಿದ್ದಾರೆ. ಕುಣಿಯುವ ಹೊಟ್ಟೆಯನ್ನು ಯಾವ ಫೋನೂ ಸ್ಕ್ಯಾನ್ ಮಾಡುವುದಿಲ್ಲ. ಜೊತೆಗಾರನ ಕೊರಳಿಗೆ ಬೋರ್ಡು ತೂಗಹಾಕಿ, ಯಾರಾದರೂ ಮೇಲೆ ಬೇರೆ ಸ್ಟಿಕರ್ ಅಂಟಿಸಿದ್ದಾರೆಯೇ ಎಂದು ಆಗಾಗ ಒಂದು ರೂಪಾಯಿ ಕಳಿಸಿ ನೋಡಿ.

ಎಣಿಕೆ ಅಂದೇ ರಾತ್ರಿ, ಹಣ ಕೂಡಿಸುವ ನಿಮ್ಮ ಮಂಡಳಿಗೆ ಸೇರದ ಒಬ್ಬರ ಎದುರು. ನೋಟು, ನಾಣ್ಯ ಬೇರೆಬೇರೆ ಬರೆದು ಎಲ್ಲರೂ ಸಹಿ ಹಾಕಿ. ಫೋಮ್, ಬಣ್ಣ, ಊಟದ ಖರ್ಚನ್ನು ಡಬ್ಬಿಯಿಂದ ತೆಗೆಯಬೇಡಿ, ಅದಕ್ಕೆ ಮೊದಲೇ ಬೇರೆ ದಾನಿ ಹುಡುಕಿ. ತೆರಿಗೆ ವಿನಾಯಿತಿ ಕೇಳುವವರಿಗೆ ಸತ್ಯ ಹೇಳಿ: ದಾನಿಗೆ ತೆರಿಗೆ ವಿನಾಯಿತಿ ಕೊಡಿಸುವ ನೋಂದಣಿ (80ಜಿ ಎಂದೇ ಹೆಸರಾದದ್ದು) ಇರುವ ಸಂಸ್ಥೆಯ ರಸೀದಿ ಬೇಕು, ಅದರಲ್ಲೂ 2,000 ರೂ. ಮೀರಿದ ನಗದು ದಾನಕ್ಕೆ ವಿನಾಯಿತಿ ಇಲ್ಲ. ಹಣ ನೇರ ಆಸ್ಪತ್ರೆಯ ಖಾತೆಗೆ, ರೋಗಿಯ ನೋಂದಣಿ ಸಂಖ್ಯೆ ನಮೂದಿಸಿ. ಹೆಚ್ಚಾಗಿ ಉಳಿದರೆ ಯಾರಿಗೆ ಎಂಬುದನ್ನು ಬ್ಯಾನರ್‌ನಲ್ಲೇ ಅಚ್ಚು ಹಾಕಿಸಿ. ಹಣ ಕೈಗೆ ಬಂದ ಮೇಲೆ ಈ ಚರ್ಚೆಗೆ ಕೂತರೆ ಮಂಡಳಿಯೇ ಎರಡಾಗುತ್ತದೆ.