ಲಾಯಲಿಸ್ಟರ ಕಾಗದಗಳನ್ನು ಓದುವುದು ಹೇಗೆ?

ಅಮೆರಿಕದ ಕ್ರಾಂತಿಯಲ್ಲಿ ಬ್ರಿಟಿಷ್ ರಾಜನ ಪರ ನಿಂತ ಲಾಯಲಿಸ್ಟರನ್ನು ಹುಡುಕಲು ನಾನು ಮೊದಲು ತೆರೆಯುವುದು ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಎಓ (ಆಡಿಟ್ ಆಫೀಸ್, ಅಂದರೆ ಲೆಕ್ಕಪರಿಶೋಧನಾ ಕಚೇರಿ) 12, ಎಓ 13 ಕಡತಗಳನ್ನು. 1783ರಲ್ಲಿ ಬ್ರಿಟನ್ನಿನಲ್ಲಿ ನೇಮಕವಾದ ಆಯೋಗಕ್ಕೆ ಅವರು ಕೊಟ್ಟ ಪರಿಹಾರದ ಅರ್ಜಿಗಳು ಅಲ್ಲಿವೆ. ಕಳೆದುಕೊಂಡ ಹೊಲ, ದನ, ಮನೆಸಾಮಾನು ಎಲ್ಲ ಬರೆದಿರುತ್ತಾರೆ. ದುಡ್ಡು ಕೇಳುವ ಕಾಗದ ಅಲ್ವಾ, ಬೆಲೆಗಳನ್ನು ಹಾಗೇ ನಂಬಬೇಡಿ. ಅರ್ಜಿದಾರರ ಊರಿನ ತೆರಿಗೆ ಪಟ್ಟಿ, ಜಪ್ತಿ ದಾಖಲೆಯ ಜೊತೆ ಹೋಲಿಸಿ. ವಿಧವೆಯರ ಅರ್ಜಿಗಳನ್ನು ದಯವಿಟ್ಟು ದಾಟಿ ಹೋಗಬೇಡಿ. ಅಡುಗೆಮನೆಯ ಪಾತ್ರೆಗಳ ವಿವರವೂ ಅಲ್ಲಿ ಸಿಗುತ್ತದೆ, ನನಗೆ ಅವೇ ಜಾಸ್ತಿ ಇಷ್ಟ. ಹೆಸರಿನ ಕಾಗುಣಿತ ಕಾಗದದಿಂದ ಕಾಗದಕ್ಕೆ ಬದಲಾಗುತ್ತದೆ, ಎಲ್ಲ ರೂಪದಲ್ಲೂ ಹುಡುಕಿ. ಆ ಊರಿನ ಚರಿತ್ರೆ ಬಲ್ಲವರಿಗೆ ಪತ್ರ ಬರೆಯುವಾಗ ಸುಮ್ನೆ ‘ಮಾಹಿತಿ ಕೊಡಿ’ ಎನ್ನಬೇಡಿ. ಒಂದು ಹೆಸರು, ಒಂದು ವರ್ಷ, ಒಂದೇ ಪ್ರಶ್ನೆ ಕಳಿಸಿ.